ಮಾಯದ ಗಾಯ

ಬರಿಗಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗವು ಕೆಂಪೇರಿ, ಬಿಸಿಯಾಗಿ, ಊದಿಕೊಂಡು ನೋಯುವುದನ್ನು ನೀವೆಲ್ಲರೂ ಬಲ್ಲಿರಿ. ಇದೇ ಉರಿಯೂತ. ಇದನ್ನು ಕೇವಲ ರೋಗವೆಂದು ತಿಳಿಯಲಾಗದು. ಇದು ದೇಹವು ಆತ್ಮರಕ್ಷಣೆಗಾಗಿ ಹೂಡುವ ಯುದ್ಧ. ಬಿಳಿಯ ರಕ್ತಕಣಗಳು ಗಾಯದೆಡೆಗೆ ಧಾವಿಸಿ, ತೀಕ್ಷ್ಣವಾದ ರಾಸಾಯನಿಕಗಳಿಂದ ರೋಗಾಣುಗಳನ್ನು ಕೊಲ್ಲುತ್ತವೆ. ಸತ್ತ ಜೀವಕೋಶಗಳ ಸ್ಥಾನವನ್ನು ತುಂಬಲು ಉಳಿದವು ವಿಭಜನೆ ಹೊಂದುತ್ತವೆ. ಕೆಲವೇ ದಿನಗಳಲ್ಲಿ ಗಾಯ ಮಾಯುತ್ತದೆ, ಯುದ್ಧವೂ ನಿಲ್ಲುತ್ತದೆ.

ನಿಲ್ಲದೆ ಹೋದರೆ? ಶತ್ರುವಿನ ಮೇಲೆ ಎರಚಿದ ರಾಸಾಯನಿಕಗಳು ವರ್ಷಗಟ್ಟಲೆ ನೆರೆಯ ಜೀವಕೋಶಗಳನ್ನೂ ಬಾಧಿಸುತ್ತವೆ. ಅವುಗಳ ಆನುವಂಶಿಕ ಲಿಪಿಯಾದ ಡಿ.ಎನ್.ಎ. ಕೆಡುತ್ತದೆ. ಇತ್ತ ವಿಭಜನೆಯೂ ನಿಲ್ಲದು. ಲಿಪಿಯನ್ನು ಮತ್ತೆ ಮತ್ತೆ ನಕಲು ಮಾಡುವಾಗ ತಪ್ಪುಗಳು ನುಸುಳುತ್ತವೆ. ಇವೆಲ್ಲ ಕೂಡಿಕೊಂಡು ಯಾವುದೋ ಒಂದು ಜೀವಕೋಶವು ಅಂಕೆ ಮೀರಿ ಬೆಳೆಯತೊಡಗಿದರೆ ಅದೇ ಕ್ಯಾನ್ಸರಿನ ಆರಂಭ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1863ರಲ್ಲಿಯೇ ಕ್ಯಾನ್ಸರ್ ಗಡ್ಡೆಗಳೊಳಗೆ ಬಿಳಿಯ ರಕ್ತಕಣಗಳನ್ನು ಕಂಡು ಈ ನಂಟನ್ನು ಊಹಿಸಿದ್ದರು.

ಈ ನಂಟಿಗೆ ಒಂದು ಸ್ಪಷ್ಟ ನಿದರ್ಶನವು ನಮ್ಮ ಜಠರದಲ್ಲಿಯೇ ದೊರೆಯಿತು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ, 1979ರಲ್ಲಿ, ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞರು ಊದಿಕೊಂಡ ಜಠರದಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಾಗಿದ ಆಕಾರದ ಬ್ಯಾಕ್ಟೀರಿಯಗಳು ಕಂಡವು. ಜಠರದ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯವೂ ನೆಲೆಸಲಾರದೆಂಬುದು ಅಂದಿನ ನಂಬಿಕೆ. ಜಠರದ ಹುಣ್ಣಿಗೆ ಮನಸ್ಸಿನ ಚಿಂತೆಯೇ ಕಾರಣವೆಂದು ಹೇಳುತ್ತಿದ್ದ ಕಾಲವದು. ತರುಣ ವೈದ್ಯ ಬ್ಯಾರಿ ಮಾರ್ಷಲ್ ಅವರ ಜೊತೆಗೂಡಿದರು. 1982ರಲ್ಲಿ ಈಸ್ಟರ್ ರಜೆಯ ನಿಮಿತ್ತ ಪ್ರಯೋಗಾಲಯದ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಹಾಗೆಯೇ ಉಳಿದವು. ಆ ನಿಧಾನಪ್ರವೃತ್ತಿಯ ಜೀವಿ ಅವುಗಳಲ್ಲಿ ಬೆಳೆದು ತೋರಿತು!

ಆದರೂ ವೈದ್ಯರು ನಂಬಲಿಲ್ಲ. ಆಗ, 1984ರಲ್ಲಿ, ಮಾರ್ಷಲ್ ಆ ಬ್ಯಾಕ್ಟೀರಿಯಗಳ ದ್ರವವನ್ನು ತಾವೇ ಕುಡಿದುಬಿಟ್ಟರು. ಈ ದುಸ್ಸಾಹಸವನ್ನು ನಾನು ಹೊಗಳಲಾರೆ; ಆದರೆ ಅವರ ನಿಷ್ಠೆಗೆ ತಲೆಬಾಗದಿರಲಾರೆ. ಕೆಲವೇ ದಿನಗಳಲ್ಲಿ ವಾಂತಿ ಆರಂಭವಾಯಿತು. ಪರೀಕ್ಷಿಸಿದಾಗ ಅವರ ಜಠರದಲ್ಲಿ ಉರಿಯೂತ ಸ್ಪಷ್ಟವಾಗಿ ಕಂಡಿತು.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರಾದ ಈ ಜೀವಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿ ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. 2005ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಇದನ್ನು ಹೊಟ್ಟೆಯಲ್ಲಿ ಹೊತ್ತವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ. ಬರುವ ಕೆಲವರಲ್ಲಿಯೂ ಹಲವು ದಶಕಗಳ ಉರಿಯೂತ ಅದಕ್ಕೆ ಹಾದಿ ಮಾಡಿಕೊಟ್ಟಿರುತ್ತದೆ. ಆ ದೀರ್ಘ ಅವಧಿಯಲ್ಲಿ ಸೂಕ್ತ ಔಷಧಿಗಳಿಂದ ಬ್ಯಾಕ್ಟೀರಿಯವನ್ನು ನಿರ್ಮೂಲ ಮಾಡಿದರೆ ಉರಿಯೂತ ಇಳಿಯುತ್ತದೆ, ಜಠರದ ಕ್ಯಾನ್ಸರಿನ ಅಪಾಯವೂ ತಗ್ಗುತ್ತದೆ.