ಹಾಡು ಎಲ್ಲಿ ನಿಂತಿತು?

"ಪೆನ್‌ಡ್ರೈವ್ ಕೆಟ್ಟೈತಿ, ಒಂದ್ ಹಾಡೂ ಹತ್ತವಲ್ದು" ಎಂದು ಗಂಗಾವತಿ ಕಡೆಯ ನೆಂಟರ ಫೋನ್ ಬಂದರೆ ಭತ್ತದ ಸುಗ್ಗಿ ಶುರುವಾಯಿತೆಂದೇ ಲೆಕ್ಕ. ಟ್ರ್ಯಾಕ್ಟರಿನ ಡೆಕ್ಕು ಹಾಡದೆ ಅಲ್ಲಿ ಕೆಲಸ ಸಾಗುವುದಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಬಳಗದಲ್ಲೂ ಟಿವಿ, ಸ್ಪೀಕರ್ ಮುನಿಸಿಕೊಂಡರೆ ಕರೆ ನನಗೇ. ಈ ತಿರುಗಾಟ ಕಲಿಸಿದ್ದಿಷ್ಟು: ಸಾಮಾನು ಕೆಟ್ಟಿರುವುದು ಅಪರೂಪ, ಎರಡು ಸಾಮಾನುಗಳ ನಡುವೆ ಹೊಂದಾಣಿಕೆ ತಪ್ಪಿರುವುದೇ ಹೆಚ್ಚು. ನೀರು ಬರದಿದ್ದಾಗ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ರೈತ ತೂಬಿನಿಂದ ತೂಬಿಗೆ ನಡೆದು ನೋಡುವಂತೆ, ಹಾಡು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹುಡುಕಬೇಕು.

ಆ ಪೆನ್‌ಡ್ರೈವ್ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಹಾಡುತ್ತಿತ್ತು. ಅದು 64 ಜಿಬಿಯದು; ಅಂಥವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಬರುತ್ತವೆ. ಅಗ್ಗದ ಡೆಕ್ಕುಗಳಲ್ಲಿ ಬಹಳಷ್ಟಕ್ಕೆ ತಿಳಿಯುವುದು ಫ್ಯಾಟ್32 ಮಾತ್ರ. ಹಾಗಾಗಿ ಸಾಮಾನ್ಯವಾಗಿ ಫ್ಯಾಟ್32ರಲ್ಲೇ ಬರುವ 32 ಜಿಬಿಯದನ್ನು ಕೊಳ್ಳಿ ಎನ್ನುತ್ತೇನೆ. 128 ಕೆಬಿಪಿಎಸ್ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ. ಆ 32 ಜಿಬಿಯಲ್ಲಿ 500 ಗಂಟೆಯ ಹಾಡು ಹಿಡಿಸುತ್ತದೆ, ಸುಗ್ಗಿ ಮುಗಿದರೂ ಹಾಡು ಮುಗಿಯದು. ಇಂಥ ಎಷ್ಟೋ ಡೆಕ್ಕುಗಳು ಹೆಸರಿನ ಅನುಕ್ರಮ ನೋಡದೆ, ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತವೆ. ಬೇಕಾದ ಸರದಿಯಲ್ಲೇ ಒಂದೊಂದಾಗಿ ಹಾಕಿದರೆ ಜಗಳವಿಲ್ಲ. ಕನ್ನಡದ ಹೆಸರು ಬರೀ ಚೌಕಗಳಾಗಿ ಕಂಡರೆ ಗಾಬರಿ ಬೇಡ. ಡೆಕ್ಕಿಗೆ ಕನ್ನಡ ಲಿಪಿ ಬಾರದು, ಹಾಡಿಗೇನೂ ಆಗಿಲ್ಲ.

ಕುಷ್ಟಗಿಯ ಮನೆಯೊಂದರಲ್ಲಿ ವೈಫೈ ಇತ್ತು, ಟಿವಿ ಹೊಸದು. ಮೊಬೈಲಿನಿಂದ ಹಾಡು ಕಳಿಸಲು ಹೋದರೆ ಟಿವಿಯ ಹೆಸರೇ ಕಾಣದು. ಮಹಡಿಗೆಂದು ಜೋಡಿಸಿದ ಎರಡನೇ ರೌಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿತ್ತು; ಮೊಬೈಲ್ ಅದರಲ್ಲಿ, ಟಿವಿ ಮೊದಲಿನದರಲ್ಲಿ. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದ್ದೇ ಟಿವಿ ಕಾಣಿಸಿತು. ಗೆಸ್ಟ್ ವೈಫೈಗೆ ಸೇರಿದ್ದರೂ ಇದೇ ಪಾಡು. ಇನ್ನು ಹಾಡು ನಡುನಡುವೆ ನಿಲ್ಲುತ್ತಿದ್ದುದಕ್ಕೆ ಕಾರಣ ದಪ್ಪ ಕಲ್ಲಿನ ಗೋಡೆ. 5 ಗಿಗಾಹರ್ಟ್ಸ್ ವೇಗದ್ದಾದರೂ ಗೋಡೆ ದಾಟುವುದರಲ್ಲಿ ಸೋಲುತ್ತದೆ, 2.4 ನಿಧಾನವಾದರೂ ದೂರ ಮುಟ್ಟುತ್ತದೆ, ಹಾಡಿಗೆ ಅಷ್ಟು ಸಾಕು.

ಯಲಬುರ್ಗಾದಲ್ಲಿ ಸಿನಿಮಾದ ಚಿತ್ರ ಬರುತ್ತಿತ್ತು, ದನಿ ಇಲ್ಲ. ಅದೇ ಫೈಲನ್ನು ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಹಚ್ಚಿದೆ, ದನಿ ಬಂತು. ಅಲ್ಲಿಗೆ ಫೈಲು ಸರಿ. ಅದರ ಡಿಟಿಎಸ್ ಆಡಿಯೋ ಆ ಟಿವಿಗೆ ತಿಳಿಯುತ್ತಿರಲಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಚಿತ್ರ ಮುಟ್ಟದೆ ಆಡಿಯೋ ಮಾತ್ರ ಎಎಸಿಗೆ ಬದಲಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ಹೆಚ್ಚು ಎಚ್ಚರ ಬೇಡಿದ್ದು ಕೊಪ್ಪಳದ ಕೆಲಸ: ಹಿರಿಯರೊಬ್ಬರ ಭಜನಾಪದಗಳ ಕ್ಯಾಸೆಟ್. ಮೊದಲು ವೇವ್ ಫೈಲ್ ಮಾಡಿಟ್ಟುಕೊಂಡೆ. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಗಂಟೆಯ ಕ್ಯಾಸೆಟ್‌ಗೆ ಸುಮಾರು 600. ಮೊಬೈಲಿಗೆ ಅದರಿಂದ ತೆಗೆದ ಎಂಪಿ3 ಸಾಕು. ಒಮ್ಮೆ ಎಂಪಿ3 ಆದಾಗ ಕಳೆದ ದನಿ ಮತ್ತೆ ಬಾರದಾದ್ದರಿಂದ ಮೂಲ ದೊಡ್ಡದಾಗಿಯೇ ಇರಲಿ. ಆ ಎಂಪಿ3 ಹಾಕಲು ಕೇಬಲ್ ಚುಚ್ಚಿದರೂ ಮೊಬೈಲ್ ಕಂಪ್ಯೂಟರಿಗೆ ಕಾಣದಿದ್ದರೆ, ತೆರೆಯಲ್ಲಿ "ಚಾರ್ಜಿಂಗ್" ಬದಲು "ಫೈಲ್ ಟ್ರಾನ್ಸ್‌ಫರ್" ಆರಿಸಿ. ಆಗಲೂ ಕಾಣದಿದ್ದರೆ ಕೇಬಲ್ ಬದಲಿಸಿ. ಕೆಲವು ಕೇಬಲ್‌ಗಳಲ್ಲಿ ಡೇಟಾದ ತಂತಿಯೇ ಇರುವುದಿಲ್ಲ.

ಕಾಪಿ ನಡೆಯುವಾಗ ಕರೆಂಟ್ ಹೋದರೆ ಫೈಲಿನ ಹೆಸರು ಬಂದಿರುತ್ತದೆ, ಒಳಗೆ ಹಾಡು ಅರ್ಧವೇ ಇರುತ್ತದೆ. ಎರಡೂ ಕಡೆಯ ಗಾತ್ರ ತಾಳೆ ನೋಡಿ, ಕೊನೆಯ ಹಾಡನ್ನು ಪೂರ್ತಿ ಕೇಳಿ, ಆಮೇಲಷ್ಟೇ ಹಳೆಯದನ್ನು ಅಳಿಸುತ್ತೇನೆ. ಕ್ಯಾಸೆಟ್ಟನ್ನಂತೂ ಎಸೆಯಗೊಡುವುದಿಲ್ಲ, ನಾಳೆ ಇದಕ್ಕಿಂತ ಒಳ್ಳೆಯ ಪ್ಲೇಯರ್ ಸಿಕ್ಕರೆ ಅದರಿಂದ ಇನ್ನೂ ಹಸನಾದ ದನಿ ತೆಗೆಯಬಹುದು.