ದಾರಿ ಬಲ್ಲವನಿಗೂ ಕಾಡು ಬೇಕು

ಮೂಡಿಗೆರೆ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟಿನ ಆಸೆ ಬಿಟ್ಟಂತೆಯೇ. ತೋಟದ ಕೆಲಸ ನಿಂತಿರುತ್ತದೆ, ಫೋನಿಗೆ ಚಾರ್ಜಿರುವುದಿಲ್ಲ. ಅಂಥ ದಿನಗಳಲ್ಲಿ ನನ್ನ ತಮ್ಮ, ಕಳಸದಿಂದ ಬರುವ ಅತ್ತೆಯ ಮಗಳು, ಪಕ್ಕದ ತೋಟದ ಹುಡುಗ ಎಲ್ಲ ಸೇರಿ ನಮ್ಮ ಜಗಲಿಯಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುವುದು ರೂಢಿಯಾಗಿದೆ. ಕಾಗದ, ಪೆನ್ಸಿಲ್, ದಾಳ, ಬಾಯಿಮಾತು ಇದ್ದರೆ ಸಾಕು. ಒಬ್ಬರು ಕತೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಬದುಕಬೇಕು. ನಡೆಸುವ ಕೆಲಸ ನನ್ನದು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್, ಅಂದರೆ ಪಾತ್ರದ ಬಗೆ: ಯೋಧ, ಮಂತ್ರವಾದಿ, ಪುರೋಹಿತ. ಕಳ್ಳ ಬಂದದ್ದು ಮರುವರ್ಷ. ಇವರಲ್ಲಿ ಯಾರ ಕೈ ಮೇಲು ಎಂಬ ತಕರಾರು ಇಂದಿಗೂ ಮುಗಿದಿಲ್ಲ.

ನಾವು ಆಡುವುದು 2014ರ ಐದನೇ ಆವೃತ್ತಿ. ಐದನೇ ಹಂತದ ಮಂತ್ರವಾದಿ ಬೆಂಕಿಯುಂಡೆ ಎಸೆದರೆ ಆರು ಮುಖದ 8 ದಾಳ ಉರುಳುತ್ತವೆ. ಸರಾಸರಿ 28 ಪೆಟ್ಟು, ಅದೂ ಬಿದ್ದ ಜಾಗದಿಂದ 20 ಅಡಿಯೊಳಗೆ ನಿಂತ ಎಲ್ಲರಿಗೂ, ತಪ್ಪಿಸಿಕೊಂಡವರಿಗೂ ಅರ್ಧ. ಅದೇ ಹಂತದ ಯೋಧ ದೊಡ್ಡ ಕತ್ತಿ ಎರಡು ಸಲ ಬೀಸಿ, ಎರಡೂ ತಾಗಿದರೆ, ಒಬ್ಬನಿಗೆ 22ರ ಆಸುಪಾಸು. ಕಾಗದದ ಮೇಲೆ ಇದು ಅನ್ಯಾಯವೇ. ಆದರೆ ಆ ಹಂತದ ಮಂತ್ರವಾದಿಗೆ ಅಷ್ಟು ದೊಡ್ಡ ಮಂತ್ರ ದಿನಕ್ಕೆ ಎರಡು-ಮೂರೇ ಸಲ, ಮತ್ತೆ ಬೇಕಾದರೆ ಮಲಗಿ ಏಳಬೇಕು. ಎರಡು ನಿದ್ದೆಗಳ ನಡುವೆ ಆರೆಂಟು ಸಲ ಅಪಾಯ ಎದುರಾಗುತ್ತದೆ ಎಂದುಕೊಂಡು ನಿಯಮ ಬರೆದಿದ್ದಾರೆ. ಮಧ್ಯಾಹ್ನಕ್ಕೊಂದು ಕಾಳಗ ಮುಗಿಸಿ ಪಾತ್ರಗಳನ್ನು ಮಲಗಿಸಿಬಿಟ್ಟರೆ ಮಂತ್ರವಾದಿ ಮೆರೆಯುತ್ತಾನೆ, ಕತ್ತಿಯವನು ಸುಮ್ಮನೆ ನೋಡುತ್ತಾನೆ.

ಹಾಗಾಗಿ ಬೆಂಕಿಯುಂಡೆಯನ್ನು ಮುಟ್ಟದೆ ದಿನವನ್ನೇ ಉದ್ದ ಮಾಡಿದೆವು. ಕೊಟ್ಟಿಗೆಹಾರದಿಂದ ಹೊರಟವರು ಬೆಳಗಾಗುವುದರೊಳಗೆ ಚಾರ್ಮಾಡಿ ಘಾಟಿ ಇಳಿಯಬೇಕು, ಮಧ್ಯೆ ಮಲಗುವಂತಿಲ್ಲ. ಮೂರನೇ ತಿರುವಿಗೆ ಬರುವಷ್ಟರಲ್ಲಿ ಮಂತ್ರವಾದಿಯಾಗಿದ್ದ ಅತ್ತೆಯ ಮಗಳು ಉಳಿದಿದ್ದ ಒಂದು ಮಂತ್ರದ ಮೇಲೆ ಹೆಬ್ಬೆರಳೊತ್ತಿ ಕೂತಿದ್ದಳು. "ಭಾವ, ಇದು ಇರ್ಲಿ, ಈ ಸಲ ನೀವೇ ಮುಂದೆ ಹೋಗಿ" ಎಂದಳು. ಯೋಧನಾಗಿದ್ದ ತಮ್ಮನ ಬೆನ್ನು ನೆಟ್ಟಗಾಯಿತು.

ನನಗೆ ಹೆಚ್ಚು ಕಲಿಸಿದ್ದು ಪಕ್ಕದ ತೋಟದ ಹುಡುಗ ಆರಿಸಿಕೊಂಡ ರೇಂಜರ್, ಅಂದರೆ ಕಾಡು ಬಲ್ಲವನ ಕ್ಲಾಸ್. 2014ರ ಪುಸ್ತಕದ ಪ್ರಕಾರ, ಪರಿಚಯದ ಕಾಡಿನಲ್ಲಿ ಇವನ ತಂಡ ಮಾಟಕ್ಕೆ ಸಿಕ್ಕದ ಹೊರತು ದಾರಿ ತಪ್ಪುವುದೇ ಇಲ್ಲ. ಕುದುರೆಮುಖದ ಶೋಲಾ ಕಾಡು, ಎದುರಿನವರು ಕಾಣದಷ್ಟು ಮಂಜು ಎಂದು ನಾನು ಹೇಳುತ್ತಿದ್ದಂತೆ ಅವನು ಆ ನಿಯಮ ಓದಿದ. ಅಲ್ಲಿಗೆ ಕಾಡು ಮುಗಿಯಿತು. ಅವನ ಪಾತ್ರ ಮೆರೆಯಬೇಕಾದ ಜಾಗವನ್ನು ಅವನ ಶಕ್ತಿಯೇ ಅಳಿಸಿಹಾಕಿತ್ತು. ಕಷ್ಟವನ್ನೇ ಇಲ್ಲವಾಗಿಸುವ ಶಕ್ತಿ ಆಟಗಾರನ ಕೈಗೆ ಏನನ್ನೂ ಕೊಡುವುದಿಲ್ಲ. ಪ್ರಕಾಶಕರೂ 2020ರ ಪುಸ್ತಕವೊಂದರಲ್ಲಿ ಈ ನಿಯಮಕ್ಕೆ ಬದಲಿ ಕೊಟ್ಟರು.

ನಮ್ಮ ಬದಲಿ ಇಲ್ಲಿನದೇ. ಕಾಡು ಬಲ್ಲವರು ನಮ್ಮಲ್ಲಿ ಏನು ಮಾಡುತ್ತಾರೆ? ಆನೆ ಬೈನೆ ಮರ ಸೀಳಿದ್ದು ಇಂದೋ ನಿನ್ನೆಯೋ ನೋಡುತ್ತಾರೆ, ಲದ್ದಿಯ ಬಿಸಿ ನೋಡುತ್ತಾರೆ. ಆದ್ದರಿಂದ ನಮ್ಮ ರೇಂಜರ್ ಕಾಡನ್ನು ಒಂದು ಪ್ರಶ್ನೆ ಕೇಳಬಹುದು, ನಾನು ನಿಜವನ್ನೇ ಹೇಳಬೇಕು. ಹಳ್ಳದ ದಾರಿ ಹತ್ತಿರ, ಆದರೆ ಆನೆ ಈಗತಾನೇ ಇಳಿದಿದೆ. ಗುಡ್ಡದ ನೆತ್ತಿಯ ದಾರಿ ದೂರ, ಗಾಳಿ ನಿಲ್ಲಗೊಡುವುದಿಲ್ಲ. ಉತ್ತರ ಕೇಳಿದ ಮೇಲೆ ಎಲ್ಲರೂ ತಿರುಗುವುದು ಅವನ ಮುಖ ನೋಡಲು.

2008ರ ನಾಲ್ಕನೇ ಆವೃತ್ತಿ ಎಲ್ಲ ಕ್ಲಾಸಿಗೂ ಹೆಚ್ಚುಕಡಿಮೆ ಒಂದೇ ಚೌಕಟ್ಟು ಹಾಕಿ ಲೆಕ್ಕ ಸರಿ ಮಾಡಿತು. ಆದರೆ ಎಲ್ಲರೂ ಒಂದೇ ಥರ ಆದರೆಂದು ಬಹಳ ಆಟಗಾರರು ದೂರಿದರು. ಸಮಬಲಕ್ಕೆ ಒಂದೇ ಥರ ಆಗಬೇಕಿಲ್ಲ: ನಮ್ಮ ಆಡು-ಹುಲಿ ಆಟದಲ್ಲಿ 3 ಹುಲಿಗೆ 15 ಆಡು. ಹುಲಿಗೆ ಆಡಿನ ಮೇಲೆ ಹಾರಿ ಹೊಡೆಯುವ ಅಧಿಕಾರವಿದೆ, ಆಡಿಗಿಲ್ಲ. ಆದರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಆಡುಗಳನ್ನು ಹುಲಿ ಹಾರಲಾಗದು. ಆಡಿಗೂ ನೆಗೆತ ಕೊಡಿ ಎಂದು ಯಾರೂ ಕೇಳಿಲ್ಲ.

ಈ ಮಳೆಗಾಲಕ್ಕೆ ನಾಟಿ ವೈದ್ಯೆಯ ಕ್ಲಾಸ್ ಬರೆಯುತ್ತಿದ್ದೇವೆ. ಗಾಯ ಮಾಯಿಸುವುದಷ್ಟೇ ಕೊಟ್ಟರೆ ಯಾರಿಗಾದರೂ ಪೆಟ್ಟು ಬೀಳುವವರೆಗೆ ಆಕೆಗೆ ಮಾತಿಲ್ಲ. ಬಾಣದ ತುದಿ ಮೂಸಿ ಯಾವ ಬೇರಿನ ವಿಷ, ಆ ಬೇರು ಯಾವ ಗುಡ್ಡದ್ದು ಎಂದು ಹೇಳಬಲ್ಲವಳಾದರೆ, ಶತ್ರು ಎಲ್ಲಿಂದ ಬಂದ ಎಂಬುದನ್ನೂ ಅವಳಿಂದಲೇ ತಿಳಿಯಬೇಕಾಗುತ್ತದೆ. ಆ ನಿಯಮದ ಮೂರನೇ ಕರಡು ಈಗ ತಮ್ಮನ ಹತ್ತಿರವಿದೆ.