ಕಾಳುಬೇಳೆಗಳಿಗೆ ಮೆರುಗು ಕೊಡುವ ವಿಚಾರ

ಒಂದೇ ಹೊಲದ ತೊಗರಿಯಿಂದಾದ ಬೇಳೆಯನ್ನು ಎರಡು ತಟ್ಟೆಗಳಲ್ಲಿ ಹಾಕಿ, ಒಂದಕ್ಕೆ ಮೆರುಗು ಕೊಟ್ಟು, ಮತ್ತೊಂದನ್ನು ಗಿರಣಿಯಿಂದ ಬಂದಂತೆಯೇ ಬಿಟ್ಟು ದಾವಣಗೆರೆಯ ಪೇಟೆಯಲ್ಲಿ ಇಟ್ಟರೆ, ಕೊಳ್ಳುವವನ ಕೈ ಮೊದಲು ಹೊಳೆಯುವ ತಟ್ಟೆಯ ಕಡೆಗೆ ಹೋಗುವುದು ಸಹಜ. ಮಂಕಾಗಿರುವ ಬೇಳೆಯನ್ನು ಹಳೆಯ ಮಾಲೆಂದು ಭಾವಿಸಿ ಬೆಲೆ ಇಳಿಸಿ ಕೇಳುವುದೂ ಉಂಟು. ಆದಕಾರಣ ಕಾಳನ್ನು ಕಾಳಾಗಿಯೇ ಮಾರದೆ, ಬೇಳೆ ಮಾಡಿಸಿ ಮಾರಬೇಕೆಂಬ ಯೋಚನೆಯುಳ್ಳ ಹರಿಹರ, ದಾವಣಗೆರೆ, ಜಗಳೂರು ಸೀಮೆಯ ಜಮೀನುದಾರರು "ಪಾಲಿಷ್ ಯಂತ್ರವನ್ನು ಹಾಕಿಸಬೇಕೆ, ಬೇಡವೆ?" ಎಂಬುದನ್ನು ಮೊದಲೇ ನಿರ್ಧರಿಸಬೇಕಾಗುತ್ತದೆ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದು. ಏಕೆಂದರೆ ಪೇಟೆಯಲ್ಲಿ ಪಾಲಿಷ್ ಎಂಬ ಒಂದೇ ಹೆಸರಿನಿಂದ ಕರೆಯುವ ಕೆಲಸಗಳಲ್ಲಿ ಕೆಲವು ಮಾಲನ್ನು ಹಸನು ಮಾಡತಕ್ಕವು, ಕೆಲವು ಮಾಲನ್ನು ಸವೆಯಿಸತಕ್ಕವು, ಮತ್ತೆ ಕೆಲವು ಕೊಳ್ಳುವವನ ಕಣ್ಣಿಗೆ ಮಣ್ಣೆರಚತಕ್ಕವು.

ಮೊದಲು ಇಡಿಕಾಳಿನ ವಿಷಯವನ್ನು ನೋಡೋಣ. ಅವರೆ, ಅಲಸಂದೆ, ಹೆಸರು, ಹುರುಳಿ ಮುಂತಾದವುಗಳನ್ನು ಕಣದಲ್ಲಿ ಒಕ್ಕಿದಾಗ, ಅದರಲ್ಲಿಯೂ ಎರೆಭೂಮಿಯ ಬೆಳೆಯಾಗಿದ್ದರೆ, ಕಾಳಿನ ಮೇಲೆ ಸಣ್ಣ ಮಣ್ಣು ಅಂಟಿಕೊಂಡೇ ಇರುತ್ತದೆ. ತೂರಿದರೂ ಕೇರಿದರೂ ಇದು ಪೂರ್ತಿಯಾಗಿ ಹೋಗುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಇಂತಹ ಕಾಳನ್ನು ಗೋಣಿತಟ್ಟಿನಲ್ಲಿ ಹಾಕಿ ಉಜ್ಜಿ, ಅನಂತರ ಮೊರದಲ್ಲಿ ಕೇರುವ ಪದ್ಧತಿಯುಂಟಷ್ಟೆ. ಯಂತ್ರವು ಮಾಡುವುದೂ ಇದನ್ನೇ. ಉದ್ದವಾದ ತೊಟ್ಟಿಯೊಳಗೆ ತಿರುಪಿನಂತೆ ಸುತ್ತಿದ ರೆಕ್ಕೆಯೊಂದು ತಿರುಗುತ್ತ ಕಾಳನ್ನು ಮುಂದಕ್ಕೆ ತಳ್ಳುತ್ತದೆ. ಆ ರೆಕ್ಕೆಗೆ ನೈಲಾನ್ ಹಗ್ಗವನ್ನಾಗಲಿ ಮಖಮಲ್ಲಿನ ಬಟ್ಟೆಯನ್ನಾಗಲಿ ಸುತ್ತಿರುತ್ತಾರೆ. ಇಂತಹ ತೊಟ್ಟಿಗಳನ್ನು ಒಂದರ ಮುಂದೊಂದು ಜೋಡಿಸುವುದರಿಂದ ಕಾಳಿಗೆ ಕಾಳು ಉಜ್ಜಿ, ಬಟ್ಟೆಗೆ ಕಾಳು ಉಜ್ಜಿ, ಧೂಳೆಲ್ಲವೂ ಬಿಟ್ಟುಹೋಗಿ ಸಿಪ್ಪೆಯ ಸ್ವಾಭಾವಿಕವಾದ ಹೊಳಪು ಹೊರಬರುತ್ತದೆ. ಇದರಲ್ಲಿ ಕಳೆದುಹೋಗುವುದು ಮಣ್ಣೇ ಹೊರತು ಕಾಳಲ್ಲ. ಸಿಪ್ಪೆಯು ಇದ್ದ ಹಾಗೆಯೇ ಇರುವುದರಿಂದ ಒಳಗಿನ ಸಾರಕ್ಕೆ ಯಾವ ಊನವೂ ಆಗದು. ಅತಿಯಾಗಿ ಒಣಗಿದ ಕಾಳು ಮಾತ್ರ ಈ ಉಜ್ಜಾಟದಲ್ಲಿ ಸಿಪ್ಪೆ ಬಿರಿದು ಹೋಳಾಗುವುದುಂಟು. ಅಂತಹ ಮಾಲಿಗೆ ಯಂತ್ರದ ವೇಗವನ್ನು ತಗ್ಗಿಸತಕ್ಕದ್ದು. ಇಷ್ಟು ಎಚ್ಚರಿಕೆಯಿದ್ದರೆ ಇಡಿಕಾಳಿನ ಮೆರುಗಿಗೆ ಯಾರ ಆಕ್ಷೇಪಣೆಯೂ ಇರಬೇಕಾಗಿಲ್ಲ.

ಬೇಳೆಯ ಮೆರುಗು ಹಾಗಲ್ಲ. ಇದನ್ನು ತಿಳಿಯಬೇಕಾದರೆ ಬೇಳೆಯಾಗುವ ಕ್ರಮವನ್ನೇ ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ತೊಗರಿಯ ಹೊರಗಿನ ಹೊಟ್ಟಿಗೂ ಒಳಗಿನ ಎರಡು ಹೋಳುಗಳಿಗೂ ನಡುವೆ ಅಂಟಿನಂತಹ ಒಂದು ಪದರವಿರುತ್ತದೆ. ಕಡಲೆ, ಬಟಾಣಿಗಳಲ್ಲಿ ಈ ಹಿಡಿತ ಸಡಿಲ. ತೊಗರಿ, ಉದ್ದು, ಹೆಸರುಗಳಲ್ಲಿ ಬಹಳ ಬಿಗಿ. ಈ ಅಂಟನ್ನು ಬಿಡಿಸುವುದೇ ಬೇಳೆ ಮಾಡುವ ವಿದ್ಯೆಯ ತಿರುಳು. ನಮ್ಮ ಹಳ್ಳಿಗಳಲ್ಲಿ ತೊಗರಿಯನ್ನು ನೀರಿನಲ್ಲಿ ನೆನೆಸಿ, ಜರಡಿ ಹಿಡಿದ ಕೆಮ್ಮಣ್ಣನ್ನು ಕಲಸಿ, ರಾತ್ರಿಯೆಲ್ಲ ರಾಶಿ ಹಾಕಿ, ಅನಂತರ ಎರಡು ಮೂರು ದಿನ ಬಿಸಿಲಿಗೆ ಹರಡಿ, ಮಣ್ಣನ್ನು ಜಾಲಿಸಿ, ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದರು. ಕೆಲಸ ನಿಧಾನವಾದರೂ ಹೊಟ್ಟು ಚೆನ್ನಾಗಿ ಬಿಡುತ್ತಿತ್ತು, ಬೇಳೆಯ ಅಂಚು ಉಳಿಯುತ್ತಿತ್ತು. ಆದರೆ ನೆನೆದ ಬೇಳೆ ಬೇಗ ಬೇಯುವುದಿಲ್ಲವೆಂಬ ದೂರು ಇತ್ತು. ಗಿರಣಿಗಳಲ್ಲಿ ಅನುಸರಿಸುವ ಒಣ ಪದ್ಧತಿಯಲ್ಲಿ, ಸಾಣೆಕಲ್ಲಿನ ಪುಡಿಯನ್ನು ಮೆತ್ತಿದ ಉರುಳೆಯ ಮೂಲಕ ಕಾಳನ್ನು ಹಾಯಿಸಿ ಹೊಟ್ಟಿಗೆ ಗೀರು ಬೀಳಿಸುತ್ತಾರೆ. ಗೀರಿನೊಳಗೆ ಇಳಿಯುವಂತೆ ಸ್ವಲ್ಪ ಎಣ್ಣೆ ಸವರಿ, ಎರಡರಿಂದ ಐದು ದಿನ ಬಿಸಿಲಿನಲ್ಲಿ ಒಣಗಿಸಿ, ನೀರು ಚಿಮುಕಿಸಿ ಒಂದು ರಾತ್ರಿ ಇಟ್ಟು, ಪುನಃ ಉರುಳೆಗೆ ಕೊಡುತ್ತಾರೆ. ಒಂದು ಸಲಕ್ಕೆ ಎಲ್ಲ ಕಾಳೂ ಹೊಟ್ಟು ಬಿಡುವುದಿಲ್ಲವಾಗಿ ಇದನ್ನು ಮೂರು ನಾಲ್ಕು ಬಾರಿ ನಡೆಸಬೇಕಾಗುತ್ತದೆ. ಒಂದೊಂದು ಬಾರಿಯೂ ಸಾಣೆಯು ಹೊಟ್ಟಿನ ಜೊತೆಗೆ ಬೇಳೆಯ ಮೈಯನ್ನೂ ಅಷ್ಟಷ್ಟು ಕೆರೆದುಹಾಕುತ್ತದೆ.

ಈಗ ಲೆಕ್ಕವನ್ನು ನೋಡಿ. ತೊಗರಿಯಲ್ಲಿ ಹೊಟ್ಟು ಶೇಕಡ ೧೧ರಿಂದ ೧೫ರವರೆಗೆ ಇರುತ್ತದೆ. ಹಾಗಾದರೆ ೧೦೦ ಕ್ವಿಂಟಾಲ್ ತೊಗರಿಯಿಂದ ೮೫ ಕ್ವಿಂಟಾಲಿಗೆ ಕಡಿಮೆಯಿಲ್ಲದಂತೆ ಬೇಳೆ ಬರಬೇಕಷ್ಟೆ? ಹಳೆಯ ಕ್ರಮದ ಗಿರಣಿಗಳಲ್ಲಿ ಬರುವುದು ೬೫ರಿಂದ ೭೫ ಮಾತ್ರ. ಉಳಿದ ಹತ್ತರಿಂದ ಇಪ್ಪತ್ತು ಕ್ವಿಂಟಾಲ್ ಎಲ್ಲಿಗೆ ಹೋಯಿತು? ನುಚ್ಚಾಗಿ, ಹಿಟ್ಟಾಗಿ, ಹೊಟ್ಟಿನೊಡನೆ ಬೆರೆತು, ಚುನ್ನಿಯೆಂಬ ಹೆಸರಿನಿಂದ ದನಗಳ ಮೇವಿಗೆ ಹೋಯಿತು. ದನಗಳಿಗೆ ಅದು ಒಳ್ಳೆಯ ಆಹಾರವೇ; ಆದರೆ ಬೇಳೆಯ ಬೆಲೆಯ ಮಾಲನ್ನು ಚುನ್ನಿಯ ಬೆಲೆಗೆ ಮಾರುವುದು ಬೇಸಾಯದ ಲಕ್ಷಣವಲ್ಲ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಈ ನಷ್ಟವನ್ನೇ ಕುರಿತು ಪರಿಶೋಧನೆ ನಡೆದು, ಕುರಿಯನ್ ಮತ್ತು ಪಾರ್ಪಿಯಾ ಎಂಬ ವಿಜ್ಞಾನಿಗಳು ೧೯೬೮ರಲ್ಲಿ ತೊಗರಿ ಬೇಳೆಯ ತಯಾರಿಕೆಯನ್ನು ಕುರಿತ ಲೇಖನವನ್ನು ಪ್ರಕಟಿಸಿದರು. ಆ ಸಂಸ್ಥೆಯ ಕ್ರಮದಲ್ಲಿ ಎಣ್ಣೆಯೂ ಬೇಡ, ಬಿಸಿಲಿನ ಹಂಗೂ ಬೇಡ. ಕಾಳನ್ನು ಸುಮಾರು ೧೨೦ ಡಿಗ್ರಿ ಸೆಂಟಿಗ್ರೇಡ್ ಶಾಖದ ಗಾಳಿಯಲ್ಲಿ ಎರಡು ಬಾರಿ ಹಾಯಿಸಿ, ಪ್ರತಿಸಲವೂ ಸುಮಾರು ಆರು ಗಂಟೆ ಹಗೇವಿನಂತಹ ಪಾತ್ರೆಯಲ್ಲಿ ತಣಿಯಬಿಟ್ಟರೆ, ಹೊಟ್ಟು ತಾನಾಗಿಯೇ ಸಡಿಲಗೊಳ್ಳುತ್ತದೆ. ಬೇಳೆಯು ಶೇಕಡ ೮೦ರಷ್ಟು ಕೈಗೆ ಬರುತ್ತದೆ. ೭೦ ಬರುವಲ್ಲಿ ೮೦ ಬಂದರೆ, ೧೦೦ ಕ್ವಿಂಟಾಲಿಗೆ ೧೦ ಕ್ವಿಂಟಾಲ್ ಬೇಳೆ ಹೆಚ್ಚು ದೊರೆತಂತಾಯಿತು. ಮೆರುಗಿನಿಂದ ಕ್ವಿಂಟಾಲೊಂದಕ್ಕೆ ನಾಲ್ಕು ಕಾಸು ಹೆಚ್ಚು ಸಿಕ್ಕೀತೇ ಎಂದು ಯೋಚಿಸುವವರು ಈ ಹತ್ತು ಕ್ವಿಂಟಾಲಿನ ಕಡೆಗೆ ಮೊದಲು ಗಮನವಿಡುವುದು ಯುಕ್ತ.

ಮೆರುಗಿನ ಕೆಲಸವು ಮೇಲೆ ಹೇಳಿದ ಸವೆತವೆಲ್ಲವೂ ಆದ ಮೇಲೆ ಬರುವ ಕೊನೆಯ ಹಂತ. ಗಿರಣಿಯಿಂದ ಹೊರಬಿದ್ದ ಬೇಳೆಯ ಮೈಮೇಲೆ ಅದರದೇ ಹಿಟ್ಟು ಕುಳಿತಿರುತ್ತದೆ. ಈ ಹಿಟ್ಟನ್ನು ಕುಂಚದಿಂದಲೋ ಬಟ್ಟೆಯಿಂದಲೋ ಒಂದು ಸಲ ಒರೆಸುವುದು ತಪ್ಪಲ್ಲ. ಹಿಟ್ಟಿಲ್ಲದ ಬೇಳೆ ನೋಡಲು ಲಕ್ಷಣವಾಗಿರುತ್ತದೆ. ಆದರೆ ಒರೆಸುವಷ್ಟಕ್ಕೆ ನಿಲ್ಲದೆ, ಚಕ್ಕಳದ ಅಥವಾ ಗಟ್ಟಿ ರಬ್ಬರಿನ ಉರುಳೆಗಳಿಂದಲೂ ಸಾಣೆಯ ಶಂಕುವಿನಿಂದಲೂ ಮತ್ತೆ ಮತ್ತೆ ತಿಕ್ಕಿ ಬೇಳೆಯನ್ನು ಗುಂಡಗೆ, ನುಣ್ಣಗೆ ಮಾಡುವುದುಂಟು. ಆಗ ಹೋಗುವುದು ಧೂಳಲ್ಲ, ಬೇಳೆಯೇ. ಅದೂ ಎಂತಹ ಭಾಗ? ಹೋಳಿನ ಹೊರಮೈಯಲ್ಲಿರುವ ಪದರಗಳಲ್ಲಿಯೇ ಸಸಾರಜನಕವೂ ಸುಣ್ಣ ಕಬ್ಬಿಣಗಳ ಅಂಶವೂ ಹೆಚ್ಚಾಗಿರುತ್ತವೆ. ಮಾಂಸ ಮೊಟ್ಟೆಗಳನ್ನು ತಿನ್ನದ ಮನೆಗಳಲ್ಲಿ ಮಕ್ಕಳ ಮೈ ಬೆಳೆಯುವುದು ಬಹುಮಟ್ಟಿಗೆ ಬೇಳೆಯ ಸಾರಿನಿಂದಲೇ ಎಂಬುದನ್ನು ನೆನೆದರೆ, ಈ ಪದರವನ್ನು ಕೆರೆದು ಬಿಸಾಡುವುದು ಎಷ್ಟು ದುಂದುಗಾರಿಕೆಯೆಂಬುದು ವಿವರಿಸದೆಯೇ ತಿಳಿಯುವುದು.

ಇನ್ನು ಬೆರಸುವ ಪದಾರ್ಥಗಳ ಮಾತು. ನೀರಿನ ಮೆರುಗು ಎಂಬುದರಲ್ಲಿ ಬೇಳೆಗೆ ತೇವ ಚಿಮುಕಿಸಿ ತಿಕ್ಕುತ್ತಾರೆ. ಆ ತೇವವನ್ನು ಪುನಃ ಆರಿಸದೆ ಚೀಲಕ್ಕೆ ತುಂಬಿದರೆ, ಕೊಳ್ಳುವವನು ನೀರಿಗೂ ಬೇಳೆಯ ಬೆಲೆ ಕೊಟ್ಟಂತಾಗುವುದಲ್ಲದೆ, ಮಳೆಗಾಲದಲ್ಲಿ ಮಾಲು ಮುಗ್ಗುವುದು. ಎಣ್ಣೆಯ ಮೆರುಗಿನಲ್ಲಿ ಎಣ್ಣೆ ಯಾವುದೆಂಬುದೇ ಮುಖ್ಯ. ತಿನ್ನುವ ಎಣ್ಣೆಯೇ ಆದರೂ ದಿನ ಕಳೆದಂತೆ ಕಮಟು ಹಿಡಿಯುವ ಸಂಭವವುಂಟು. ನಮ್ಮ ಮನೆಗಳಲ್ಲಿ ಹುಳು ಹಿಡಿಯದಿರಲೆಂದು ಬೇಳೆಗೆ ಹರಳೆಣ್ಣೆ ಸವರಿ ಡಬ್ಬಕ್ಕೆ ತುಂಬುವ ಪದ್ಧತಿಯನ್ನು ಇದರೊಡನೆ ಸೇರಿಸಬಾರದು. ಅದು ಕಾಪಿಡುವ ಉಪಾಯ, ತೋರಿಕೆಯದಲ್ಲ. ಅಡಿಗೆಗೆ ಮುನ್ನ ತೊಳೆದುಬಿಡುತ್ತಾರೆ.

ಮೂರನೆಯದು ಬಳಪದ ಕಲ್ಲಿನ ಪುಡಿ. ಉದ್ದಿನ ಬೇಳೆಯನ್ನು ಬೆಳ್ಳಗೆ, ನುಣ್ಣಗೆ ತೋರಿಸುವುದಕ್ಕಾಗಿ ಇದನ್ನು ಹಾಕಿ ತಿಕ್ಕುವವರಿದ್ದಾರೆ. ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲನ್ನು ಕಡೆದು ನಯಗೊಳಿಸುವುದರಲ್ಲಿ ಎಂತಹ ಕುಶಲರಾಗಿದ್ದರೆಂಬುದು ಪ್ರಸಿದ್ಧವಾಗಿದೆ. ೧೨೨೪ರಲ್ಲಿ ಕಟ್ಟಿದ ಹರಿಹರೇಶ್ವರ ದೇವಾಲಯದ ಕಡೆದ ಕಂಬಗಳನ್ನು ಹರಿಹರದವರು ದಿನವೂ ನೋಡುತ್ತಿರುವರು. ಕಲ್ಲಿನ ನಯವು ದೇವಾಲಯದ ಕಂಬಕ್ಕೆ ಭೂಷಣವೇ ಹೊರತು ಉಣ್ಣುವ ಬೇಳೆಗಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಬಣ್ಣ. ಮಂಕಾದ ಅಥವಾ ಹುಳು ತಿಂದ ತೊಗರಿ ಬೇಳೆಗೆ ಮೆಟಾನಿಲ್ ಹಳದಿಯೆಂಬ ಬಟ್ಟೆಗೆ ಹಾಕುವ ಬಣ್ಣವನ್ನು ಹಚ್ಚಿ ಹೊಸ ಮಾಲೆಂದು ದಾಟಿಸುವ ಮೋಸವು ದೇಶದ ಹಲವು ಕಡೆ ಸಿಕ್ಕಿಬಿದ್ದಿದೆ. ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಇಂತಹ ಮಾಲನ್ನು ಮಾರುವುದು ಶಿಕ್ಷೆಗೆ ಗುರಿಯಾಗತಕ್ಕ ಅಪರಾಧ. ಸಂದೇಹವಿದ್ದರೆ ಒಂದು ಹಿಡಿ ಬೇಳೆಯನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿ ಅಲುಗಿಸಿ ನೋಡಬಹುದು. ನೀರಿಗೆ ಕೂಡಲೆ ಹಳದಿ ಇಳಿದರೆ ಬಣ್ಣವಿರಬಹುದೆಂದು ಶಂಕಿಸತಕ್ಕದ್ದು. ಆ ನೀರಿಗೆ ಕೆಲವು ತೊಟ್ಟು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟಾಗ ನಸುಗೆಂಪು ಬಣ್ಣ ತಾಳಿದರೆ ಅದು ಮೆಟಾನಿಲ್ ಹಳದಿಯ ಗುರುತು. ಆಮ್ಲವು ಕೈ ಸುಡುವ ವಸ್ತುವಾದ್ದರಿಂದ ಈ ಪರೀಕ್ಷೆಯನ್ನು ತಿಳಿದವರಿಂದಲೇ ಮಾಡಿಸಬೇಕು.

ಪರದೇಶಗಳಲ್ಲಿಯೂ ಮೆರುಗಿನ ರೂಢಿಯಿಲ್ಲದಿಲ್ಲ. ಕೆಂಪು ಮಸೂರ ಬೇಳೆಯ ವ್ಯಾಪಾರದಲ್ಲಿ, ತುರ್ಕಿ ದೇಶದ ಮೆರ್ಸಿನ್ ಪಟ್ಟಣದ ಗಿರಣಿಗಳವರಾಗಲಿ ಕೆನಡಾ ದೇಶದವರಾಗಲಿ, ಮೆರುಗು ಕೊಟ್ಟದ್ದು ಬೇರೆ, ಕೊಡದದ್ದು ಬೇರೆ ಎಂದು ಹೆಸರು ಹೇಳಿಯೇ ಮಾರುತ್ತಾರೆ. ನಮ್ಮಲ್ಲಿ ಬೇಕಾಗಿರುವುದೂ ಇಷ್ಟೇ. ಪಟ್ಟಣಗಳ ಅಂಗಡಿಗಳಲ್ಲಿ "ಪಾಲಿಷ್ ಮಾಡದ ಬೇಳೆ" ಎಂದು ಅಚ್ಚು ಹಾಕಿದ ಪೊಟ್ಟಣಗಳನ್ನು ಕೇಳಿ ಕೊಳ್ಳುವವರು ಈಚೆಗೆ ಹೆಚ್ಚುತ್ತಿದ್ದಾರೆ. ಕಲಬುರಗಿಯ ತೊಗರಿ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಆ ನೆಲದ ಗುಣದಿಂದಲೂ ಬೇಳೆಯ ರುಚಿಯಿಂದಲೂ ಅಲ್ಲದೆ ಹೊಳಪಿನಿಂದಲ್ಲ. ಆದರೆ ಪಾಲಿಷ್ ಇಲ್ಲವೆಂಬ ಮಾತ್ರಕ್ಕೆ ಕಲ್ಲು, ಕಡ್ಡಿ, ಹೊಟ್ಟು ಬಿಡದ ಕಾಳುಗಳಿಂದ ಕೂಡಿದ ಮಾಲನ್ನು ಪೇಟೆಗೆ ತಂದರೆ ಯಾರೂ ಕೊಳ್ಳಲಾರರು.

ಆದಕಾರಣ ಹಣ ಹಾಕುವ ಕ್ರಮ ಹೀಗಿರಲಿ. ಎಲ್ಲಕ್ಕೂ ಮೊದಲು ಒಣಗಿಸುವ ಕಟ್ಟೆ. ತೊಗರಿಯ ತೇವಾಂಶವು ಶೇಕಡ ೧೦ಕ್ಕೆ ಇಳಿದಿರಬೇಕು. ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯುವುದೇ ರೈತನಿಗೆ ಸುಲಭವಾದ ಗುರುತು. ಎರಡನೆಯದು ಜರಡಿ. ದಪ್ಪ ಕಾಳು ಸಣ್ಣ ಕಾಳುಗಳನ್ನು ಬೆರಸಿ ಗಿರಣಿಗೆ ಕೊಟ್ಟರೆ, ಉರುಳೆಗೂ ಜಾಲರಿಗೂ ನಡುವಣ ಸಂದು ಒಂದೇ ಆದ್ದರಿಂದ, ದಪ್ಪ ಕಾಳು ನುಚ್ಚಾಗುವುದು, ಸಣ್ಣದು ಹೊಟ್ಟು ಬಿಡದೆ ಉಳಿಯುವುದು. ಜರಡಿಯಿಂದ ಎರಡು ಮೂರು ಅಳತೆಗಳಾಗಿ ವಿಂಗಡಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಬೇಳೆ ಮಾಡಿಸಿದರೆ, ಸಾಣೆಗೆ ಕೊಡುವ ಬಾರಿಗಳು ತಗ್ಗಿ, ಬೇಳೆಯ ಅಂಚು ಉಳಿದು, ಮಾಲು ಸಮನಾಗಿ ಕಾಣುವುದು. ಕೊಳ್ಳುವವನ ಕಣ್ಣನ್ನು ಸೆಳೆಯುವುದರಲ್ಲಿ ಅರ್ಧ ಪಾಲು ಈ ಸಮತೆಯದೇ ಎಂಬುದು ನನ್ನ ಅಭಿಪ್ರಾಯ. ಹೊಟ್ಟು ಬಿಡಿಸುವ ಸಣ್ಣ ಯಂತ್ರವು ಅನಂತರ ಬರಲಿ. ಹಿಟ್ಟನ್ನು ಒರೆಸುವ ಕುಂಚದ ಯಂತ್ರವು ಎಲ್ಲಕ್ಕೂ ಕೊನೆಯದು. ಅದು ಇಲ್ಲದಿದ್ದರೂ ನಡೆಯುತ್ತದೆ.

ಇಷ್ಟನ್ನೂ ಒಬ್ಬನೇ ಹೊಂದಿಸಿಕೊಳ್ಳುವುದು ದೊಡ್ಡ ಹಿಡುವಳಿಯವನಿಗೂ ಭಾರವೇ. ರಾಗಿ ಜೋಳಗಳ ನಡುವೆ ಅಕ್ಕಡಿಯಾಗಿ ತೊಗರಿ ಬೆಳೆಯುವ ಮನೆಗಳಲ್ಲಿ ವರ್ಷಕ್ಕೆ ಬರುವುದು ಕೆಲವೇ ಚೀಲ. ಊರಿನ ಮುಖಂಡರು ಮುಂದಾಗಿ ನಾಲ್ಕಾರು ಊರುಗಳ ಮಾಲನ್ನು ಕೂಡಿಸಿದರೆ ಮಾತ್ರ ಯಂತ್ರಕ್ಕೆ ಕೈತುಂಬ ಕೆಲಸ ಸಿಕ್ಕೀತು. ಯಾವ ಯಂತ್ರವನ್ನು ಕೊಳ್ಳಬೇಕೆಂಬುದನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಸಾಧ್ಯವಾದರೆ ಅದು ನಡೆಯುವುದನ್ನು ಕಣ್ಣಾರೆ ನೋಡಿ, ಅನಂತರವೇ ನಿರ್ಧರಿಸುವುದು ಒಳ್ಳೆಯದು. ಹರಿಹರದ ಸುತ್ತಲಿನವರಿಗೆ ಯಂತ್ರದ ಕೆಲಸ ಹೊಸದಲ್ಲ; ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಮುಚ್ಚಿಹೋಗುವವರೆಗೆ ಅಲ್ಲಿ ತಯಾರಾದ ಲೇತುಗಳು ದೇಶದಲ್ಲೆಲ್ಲ ಹೆಸರಾಗಿದ್ದವು.

ಸ್ವಂತ ಯಂತ್ರವಿಲ್ಲದೆ ಗಿರಣಿಗೆ ಕಾಳು ಕೊಟ್ಟು ಬೇಳೆ ಮಾಡಿಸುವವರು ಕರಾರನ್ನು ಬಾಯಿಮಾತಿನಲ್ಲಿ ಬಿಡಕೂಡದು. ಕ್ವಿಂಟಾಲಿಗೆ ಎಷ್ಟು ಬೇಳೆ ಹಿಂದಿರುಗಿಸಬೇಕು, ನುಚ್ಚು ಚುನ್ನಿಗಳು ಯಾರಿಗೆ ಸೇರತಕ್ಕವು, ಮೆರುಗು ಕೊಡಬೇಕೆ ಕೊಡಬಾರದೆ, ಕೊಡುವುದಾದರೆ ಒಣ ಕುಂಚದಿಂದಲೋ ಎಣ್ಣೆ ನೀರುಗಳಿಂದಲೋ ಎಂಬಷ್ಟನ್ನು ಚೀಟಿಯಲ್ಲಿ ಬರೆಯಿಸಿ ರುಜು ಪಡೆಯತಕ್ಕದ್ದು. ಗಿರಣಿಗೆ ಹೋಗುವ ಕಾಳಿನಿಂದ ಒಂದು ಸೇರನ್ನೂ, ಹಿಂದಿರುಗಿ ಬಂದ ಬೇಳೆಯಿಂದ ಒಂದು ಸೇರನ್ನೂ ತೆಗೆದು, ಡಬ್ಬಗಳಲ್ಲಿ ಮುಚ್ಚಿ, ದಿನಾಂಕ ಬರೆದು, ಮಾಲು ಮಾರಾಟವಾಗಿ ಹಣ ಕೈಗೆ ಬರುವವರೆಗೆ ಮನೆಯಲ್ಲಿ ಇಟ್ಟುಕೊಂಡಿರಬೇಕು.